ಅಂಟಿಲ್ಲದೆ ನಿಂತ ಕಮಾನು

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವನ್ನು ಸೌದೆಯೆಂದು ತೂಗಿ ಲಾರಿಗೆ ಹಾಕಿದ್ದು ಒಂದು ಬುಧವಾರ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ. ಠಾಣೆ ಪಟ್ಟಣದಲ್ಲಿ ನಾನು ದುಡಿಯುತ್ತಿದ್ದ ಎರಕದ ಕಾರ್ಖಾನೆ ಮುಚ್ಚಿ ಆಗಲೇ ಎರಡು ತಿಂಗಳಾಗಿತ್ತು. ನನ್ನ ಹತ್ಯಾರುಗಳ ಪೆಟ್ಟಿಗೆಯನ್ನು ತರಲೆಂದು ಹೋದವನು ಆ ದೃಶ್ಯವನ್ನು ನೋಡಬೇಕಾಯಿತು.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದನ್ನು ಬಡಗಿ ಕೆಲಸ ಎಂದು ಕರೆದವರು ಅನೇಕರಿದ್ದಾರೆ. ಕಬ್ಬಿಣವನ್ನು ಕರಗಿಸಿ ಎರೆಯುವ ಮೊದಲು ಅದೇ ಆಕಾರದ ಮರದ ಮಾದರಿಯೊಂದು ಬೇಕು. ಅದನ್ನು ಮರಳಿನಲ್ಲಿ ಒತ್ತಿ, ಮರಳು ಉದುರದ ಹಾಗೆ ಮೇಲಕ್ಕೆತ್ತಿ, ಉಳಿದ ಗುಳಿಯಲ್ಲಿ ಲೋಹವನ್ನು ಸುರಿಯುತ್ತಾರೆ. ಆ ಮಾದರಿಯನ್ನು ನಾವು ಪ್ಯಾಟರ್ನ್ ಎನ್ನುತ್ತಿದ್ದೆವು. ಪಂಪಿನ ಒಡಲು, ವಾಲ್ವಿನ ಕುತ್ತಿಗೆ, ಯಂತ್ರಗಳ ಪೀಠ, ಎಲ್ಲವೂ ಕಬ್ಬಿಣವಾಗುವ ಮೊದಲು ನನ್ನ ಮೇಜಿನ ಮೇಲೆ ಮರವಾಗಿದ್ದವು. ಅಂಥ ಮಾದರಿಗಳ ದೊಡ್ಡ ಕೋಠಿಯೊಂದನ್ನೇ ಆ ಬುಧವಾರ ಖಾಲಿ ಮಾಡುತ್ತಿದ್ದರು. ಮರವೆಲ್ಲ ಯಾವುದೋ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರಿಗೆ ಹೋಗಲಿತ್ತು.

ಮೂವತ್ತು ದಾಟದ ಮ್ಯಾನೇಜರನೊಬ್ಬ ಅಲ್ಲಿ ನಿಂತಿದ್ದ. ಇವುಗಳಲ್ಲಿ ಕೆಲವನ್ನಾದರೂ ಉಳಿಸಬಹುದಿತ್ತಲ್ಲ ಎಂದು ನಾನು ಕೇಳಿದಾಗ ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಚಾಚಾ, ಅಬ್ ಯೇ ಸಬ್ ಕಂಪ್ಯೂಟರ್ ಕಾಟ್ತಾ ಹೈ. ಆಪ್ ಘರ್ ಬೈಠೋ, ಆರಾಮ್ ಕರೋ" ಎಂದ. ಇದನ್ನೆಲ್ಲ ಈಗ ಕಂಪ್ಯೂಟರೇ ಕತ್ತರಿಸುತ್ತದಂತೆ, ನಾನು ಮನೆಯಲ್ಲಿ ಕೂತು ಆರಾಮ ಮಾಡಬೇಕಂತೆ.

ಆಗ ನನಗೆ ಐವತ್ತನಾಲ್ಕು. ಆರಾಮ ಮಾಡಬೇಕೆಂಬ ಅರ್ಜಿಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ನನ್ನ ಮನೆಯಿರುವ ಡೊಂಬಿವಿಲಿಯ ಗಾಡಿ ಹತ್ತಿದೆ. ಮುಂದಿನ ಸ್ಟೇಷನ್ ಕಳವಾ ದಾಟುವಷ್ಟರಲ್ಲಿ ಎರಡು ಸಂಗತಿಗಳು ನನ್ನೊಳಗೆ ಇತ್ಯರ್ಥವಾಗಿದ್ದವು. ಒಂದು, ನಾನು ಮರವನ್ನು ಬಿಡುವುದಿಲ್ಲ. ಎರಡು, ಇನ್ನು ಮುಂದೆ ನಾನು ಮಾಡುವ ವಸ್ತುವಿಗಾಗಿ ಒಂದು ಹಸಿ ಮರವನ್ನೂ ಕಡಿಸುವುದಿಲ್ಲ. ಜನರು ಸುಡಲೆಂದು ಎಸೆಯುವ ಮರದಲ್ಲೇ ಮಾಡುತ್ತೇನೆ. ಏನು ಮಾಡುತ್ತೇನೆ ಎಂಬುದು ಮನೆ ಸೇರಿದ ಮೇಲೆ ಹೊಳೆಯಿತು. ಎದುರು ಮನೆಯ ಮಗುವೊಂದು ಹಳದಿ ಪ್ಲಾಸ್ಟಿಕ್ಕಿನ ಮೋಟಾರನ್ನು ಎಳೆಯುತ್ತಿತ್ತು. ಅದಕ್ಕೆ ಒಂದು ಚಕ್ರವಿರಲಿಲ್ಲ. ತಂದು ಎರಡು ದಿನವೂ ಆಗಿಲ್ಲ ಎಂದು ಅದರ ತಾಯಿ ಹೇಳಿದರು. ಮಕ್ಕಳ ಆಟಿಕೆ ಮಾಡುವುದೆಂದು ನಾನು ನಿಶ್ಚಯಿಸಿದ್ದು ಹೀಗೆ.

ಹೋಳಿ ಕಳೆದ ವಾರ ನನ್ನ ಹೆಂಡತಿಯ ತಮ್ಮ ಮನೆಗೆ ಬಂದ. ಅವನಿಗೆ ಠಾಣೆಯಲ್ಲಿ ಎರಡು ಹೋಟೆಲುಗಳು. ಊರಿನಿಂದ ಬಂದು ಕಪ್ಪುಬಸಿ ತೊಳೆದು ಮೇಲೆ ಬಂದವನು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ನಾವೆಲ್ಲ ತುಳು ಆಡುವವರು. ಅಂದಿನ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಒಂದಕ್ಷರ ಹೆಚ್ಚು ಕಡಿಮೆ ಮಾಡಿಲ್ಲ.

"ಭಾವ, ನಮ್ಮ ದೊಡ್ಡ ಹೋಟೆಲಿನ ಗಲ್ಲದಲ್ಲಿ ಬಂದು ಕೂತುಕೊಳ್ಳಿ. ಮೇಲೆ ಫ್ಯಾನ್ ಉಂಟು, ಎರಡು ಹೊತ್ತು ಊಟ ಉಂಟು. ನನಗೂ ಒಬ್ಬರು ನಂಬಿಕೆಯ ಜನ ಬೇಕಿತ್ತು."

ಗಲ್ಲವೆಂದರೆ ಹೋಟೆಲಿನ ಬಾಗಿಲ ಬಳಿ ದುಡ್ಡು ತೆಗೆದುಕೊಳ್ಳುವ ಜಾಗ. ಅವನ ಮಾತಿನಲ್ಲಿ ಉಪಕಾರವಿತ್ತು, ಅದನ್ನು ಒಪ್ಪುತ್ತೇನೆ. ನನ್ನ ಯೋಚನೆಯನ್ನು ನಾನು ವಿವರಿಸಿದೆ. ಅವನು ಪೂರ್ತಿ ಕೇಳದೆ ನಕ್ಕ.

"ಈ ಪ್ರಾಯದಲ್ಲಿ ಗೊಂಬೆ ಆಟವಾ ಭಾವ? ಅಕ್ಕ, ನೀನಾದರೂ ಹೇಳಬಾರದಾ?"

"ನೀನು ಮೊದಲು ಚಾ ಕುಡಿ, ತಣಿದು ಹೋಗ್ತದೆ" ಎಂದಳು ನನ್ನ ಹೆಂಡತಿ. ಅವಳು ನನ್ನ ಪರವೂ ಆಡಲಿಲ್ಲ, ಅವನ ಪರವೂ ಆಡಲಿಲ್ಲ.

ಕೊನೆಗೆ ಅವನೇ ಒಂದು ಕರಾರು ಹಾಕಿದ. ಗಣೇಶ ಚೌತಿಯವರೆಗೆ ನೋಡಿ. ಅಷ್ಟರೊಳಗೆ ಒಂದು ಸರಿಯಾದ ಆರ್ಡರ್ ಬಂದರೆ ನಿಮ್ಮ ದಾರಿ ನಿಮಗೆ. ಬರದಿದ್ದರೆ ಚೌತಿಯ ಮರುದಿನ ನನ್ನ ಗಲ್ಲಕ್ಕೆ ಬಂದು ಕೂರಬೇಕು. ನಾನು ಒಪ್ಪಿದೆ. ಒಪ್ಪಿದ ಮೇಲೆ ಮಾತು ಮಾತೇ. ಆ ಕುರ್ಚಿ ಬೇರೆಯವರಿಗೆ ಮರ್ಯಾದೆಯ ಜಾಗವಾಗಿರಬಹುದು. ನನಗೆ ಮಾತ್ರ ಒಂದು ವಿಷಯ ಖಚಿತವಿತ್ತು: ಐವತ್ತನಾಲ್ಕರಲ್ಲಿ ಉಳಿಯನ್ನು ಕೆಳಗಿಟ್ಟು ಆ ಕುರ್ಚಿಯಲ್ಲಿ ಕುಳಿತರೆ, ಅದನ್ನು ಮತ್ತೆ ಎತ್ತಿಕೊಳ್ಳುವ ದಿನ ಬರುವುದಿಲ್ಲ.

ಮರ ಸಿಕ್ಕಿದ್ದು ಕೋಪರಿಯಲ್ಲಿ. ಠಾಣೆ ಸ್ಟೇಷನ್ನಿನ ಪೂರ್ವಕ್ಕಿರುವ ಆ ಹಳೆಯ ವಸತಿಯಲ್ಲಿ ಆಗ ಒಂದೊಂದೇ ಚಾಳನ್ನು, ಅಂದರೆ ಸಾಲುಮನೆಗಳ ಹಳೆಯ ಕಟ್ಟಡವನ್ನು, ಕೆಡವಿ ಟವರು ಎಬ್ಬಿಸುತ್ತಿದ್ದರು. ಕೆಡವಿದ ಮನೆಗಳ ತೊಲೆ, ಜಂತಿ, ಬಾಗಿಲ ಚೌಕಟ್ಟು, ಎಲ್ಲವೂ ಸಾಗವಾನಿ. ಅಷ್ಟು ಮಾಗಿದ ಮರವನ್ನು ಕಾರ್ಖಾನೆಯಲ್ಲೂ ನಾನು ಕಂಡಿರಲಿಲ್ಲ. ಅಲ್ಲಿ ಕೆಡವುವ ಕೆಲಸದಲ್ಲಿದ್ದ ಕಲಬುರಗಿ ಕಡೆಯ ಗೃಹಸ್ಥನೊಬ್ಬ ಕೈಗಾಡಿಯಲ್ಲಿ ತುಂಡುಗಳನ್ನು ಹೇರುತ್ತಿದ್ದ. ನಾನು ಒಂದು ಜಂತಿಯನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದನ್ನು ಕಂಡು ಅವನು ಗಾಡಿ ನಿಲ್ಲಿಸಿದ.

"ಇದು ಸುಡೂ ಕಟಗಿ ಅಲ್ರಿ ಕಾಕಾ. ನಮ್ಮ ಮುತ್ಯಾನಷ್ಟ ವಯಸ್ಸ ಆಗ್ಯಾದ ಇದಕ್ಕ. ನೀವು ಏನ್ ಮಾಡ್ತೀರಿ?"

ಮಕ್ಕಳ ಆಟಿಕೆ ಎಂದೆ. ಅವನು ನಗಲಿಲ್ಲ. "ಹಂಗಾರ ಮೊಳಿ ಎಲ್ಲಾ ನಾನ ಕಿತ್ತಿ ಕೊಡ್ತೀನ್ರಿ. ಒಂದು ಉಳದರೂ ಕೂಸಿನ ಕೈಗಿ ಚುಚ್ಚತದ" ಎಂದ. ಹಾಗೆ ಹೇಳಿ ಬಿಡಲಿಲ್ಲ, ಮಾಡಿದ. ಅವನು ಕೊಟ್ಟ ಒಂದು ತುಂಡಿನಲ್ಲೂ ನನ್ನ ಗರಗಸಕ್ಕೆ ಎಂದೂ ಮೊಳೆ ತಾಗಲಿಲ್ಲ. ಅವಮಾನಗಳನ್ನು ನಾನು ಮರೆಯುವುದಿಲ್ಲವೆಂದು ನನ್ನವರು ದೂರುತ್ತಾರೆ. ಇಂಥದ್ದನ್ನೂ ನಾನು ಮರೆತಿಲ್ಲವೆಂಬುದನ್ನು ಅವರು ಸೇರಿಸಿ ಹೇಳಬೇಕು.

ನಮ್ಮ ಮನೆಯ ಗ್ಯಾಲರಿಯಲ್ಲಿ, ಎಂದರೆ ಬಾಲ್ಕನಿಯಲ್ಲಿ, ಮೇಜು ಹಾಕಿದೆ. ಹಳೆಯ ಬಣ್ಣದ ಪದರ ಒಂದಿಷ್ಟೂ ಉಳಿಯದ ಹಾಗೆ ಉಜ್ಜುಕೊರಡು ಹೊಡೆದು ಒಳಮರ ತೆಗೆಯುತ್ತಿದ್ದೆ. ಮಕ್ಕಳು ಕಂಡದ್ದನ್ನೆಲ್ಲ ಬಾಯಿಗಿಡುತ್ತವೆ ಎಂಬುದಕ್ಕಾಗಿ ಮೇಲೆ ಬಣ್ಣವನ್ನೂ ಹಾಕದೆ, ಅಗಸೆ ಎಣ್ಣೆ ಮತ್ತು ಜೇನುಮೇಣವನ್ನು ಬಟ್ಟೆಯಲ್ಲಿ ಹಿಡಿದು ಉಜ್ಜುತ್ತಿದ್ದೆ. ಮೂರನೆಯ ದಿನ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಕೆಳಗಿನ ಹಲಗೆಯಲ್ಲಿ, ಮರ ಕೊಯ್ಯುವ ಸದ್ದಿನ ಬಗ್ಗೆ, ನೋಟೀಸು ಅಂಟಿಸಿದರು. ಎದುರು ಸಿಕ್ಕಾಗ ನಗುತ್ತ ಮಾತಾಡಿದ ಮನುಷ್ಯ, ಮಾತಿನಲ್ಲಿ ಹೇಳಬಹುದಾಗಿದ್ದುದನ್ನು ನೋಟೀಸಿನಲ್ಲಿ ಹೇಳಿದರು. ಬೆಳಿಗ್ಗೆ ಹತ್ತರಿಂದ ಒಂದು, ಸಂಜೆ ನಾಲ್ಕರಿಂದ ಆರು, ಇಷ್ಟೇ ಹೊತ್ತು ಎಂದು ನಿಗದಿಯಾಯಿತು. ಆ ಗಂಟೆಗಳನ್ನು ನಾನು ಒಂದು ನಿಮಿಷವೂ ಮೀರಲಿಲ್ಲ, ಒಂದು ನಿಮಿಷವನ್ನೂ ಬಿಟ್ಟುಕೊಡಲಿಲ್ಲ.

ಮೊದಲು ಮಾಡಿದ ಎಳೆಯುವ ಬಂಡಿಯನ್ನು ಉಲ್ಹಾಸನಗರದ ಆಟಿಕೆ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವನು ಅದನ್ನು ತಲೆಕೆಳಗು ಮಾಡಿ, ಹೊಟ್ಟೆಯನ್ನು ಉಗುರಿನಿಂದ ಕೆರೆದು, ಗಾಜಿನ ಕೌಂಟರಿನ ಮೇಲೆ ಎರಡು ಸಲ ಬಡಿದು, "ಸೆಲ್ ಕಿಧರ್ ಡಾಲ್ನೇ ಕಾ, ಅಂಕಲ್?" ಎಂದು ಕೇಳಿದ. ಬ್ಯಾಟರಿ ಇಲ್ಲ, ಮಗುವೇ ಎಳೆಯಬೇಕು ಎಂದೆ. "ತೋ ಫಿರ್ ಬಚ್ಚಾ ಕ್ಯೂಂ ಲೇಗಾ?" ಹಾಗಾದರೆ ಮಗು ಯಾಕೆ ತೆಗೆದುಕೊಳ್ಳುತ್ತದೆ ಎಂದು ಕೇಳಿ ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಅಂಥ ಅಂಗಡಿಗಳನ್ನು ಕಲ್ಯಾಣದಲ್ಲಿ ಮೂರು, ಉಲ್ಹಾಸನಗರದಲ್ಲಿ ಐದು ಹತ್ತಿಳಿದೆ. ವೈಶಾಖ ಮುಗಿಯುವ ಹೊತ್ತಿಗೆ ಅಂಗಡಿಗಳ ಆಸೆ ಬಿಟ್ಟು ಶಾಲೆಗಳ ಕಡೆ ನೋಡಿದೆ.

ನೆರೂಳದಲ್ಲಿ ಎಳೆಯ ಮಕ್ಕಳ ಶಾಲೆಯೊಂದಿತ್ತು. ಅದರ ಮುಖ್ಯಸ್ಥೆ ಬೆಂಗಳೂರಿನ ಕಡೆಯವರು, ಕನ್ನಡದವರು ಎಂದು ಪರಿಚಿತರೊಬ್ಬರು ತಿಳಿಸಿದರು. ಪತ್ರ ಬರೆದೆ. ಮಾದರಿ ತನ್ನಿ ಎಂದು ಉತ್ತರ ಬಂತು. ಕಟ್ಟುವ ಆಟಕ್ಕೆಂದು ನಲವತ್ತು ತುಂಡುಗಳ ಒಂದು ಕಂತೆ ಮಾಡಿದೆ: ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ಪ್ರತಿಯೊಂದನ್ನೂ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಿ ಪರೀಕ್ಷಿಸಿದೆ. ಒಂದೂ ಅಲುಗಲಿಲ್ಲ.

ಆಷಾಢದ ಜಡಿಮಳೆಯಲ್ಲಿ ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಹೋದೆ. ಮುಖ್ಯಸ್ಥೆಯ ಕೋಣೆಯಲ್ಲಿ ಬಂದವರಿಗೆಂದು ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅವರ ಪರ್ಸ್ ಇತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ನಾನು ನಿಂತೇ ಇದ್ದೆ. ಮೂವರು ಆಯಾಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಖ್ಯಸ್ಥೆ ತುಂಡುಗಳನ್ನು ನಾನು ಪೇರಿಸಿದ ಹಾಗೆ ನಿಲ್ಲಿಸಲಿಲ್ಲ. ಇಟ್ಟಿಗೆಯಂತೆ ಅಡ್ಡಲಾಗಿ ಮಲಗಿಸಿ ಒಂದರ ಮೇಲೊಂದು ಇಡುತ್ತ ಹೋದರು. ನಾಲ್ಕನೆಯದಕ್ಕೆ ಗೋಪುರ ವಾಲಿತು. ಐದು, ಆರು. ಏಳನೆಯದನ್ನು ಇಟ್ಟಾಗ ಎಲ್ಲವೂ ಮೇಜಿನಿಂದ ನೆಲಕ್ಕೆ ಉರುಳಿದವು. ಆಯಾಗಳಲ್ಲಿ ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಂಕಲ್, ಐಡಿಯಾ ಚೆನ್ನಾಗಿದೆ. ಆದ್ರೆ ಅಳತೇನೇ ಸರಿ ಇಲ್ವಲ್ಲ. ಮಕ್ಕಳಿಗೆ ಇಂಥದ್ದು ಕೊಟ್ರೆ ಅವರು ಏನು ಕಲೀತಾರೆ ಹೇಳಿ?"

ಅಳತೆ ಸರಿ ಇಲ್ಲ. ಕೂದಲೆಳೆಯ ವ್ಯತ್ಯಾಸಕ್ಕೆ ಇಡೀ ದಿನದ ಕೆಲಸವನ್ನು ನಾನೇ ತಿರಸ್ಕರಿಸಿ ಮತ್ತೆ ಮಾಡಿದವನಿಗೆ ಈ ಮಾತು. ನಿಮ್ಮ ಮೇಜೇ ವಾಲಿದೆ ಎಂದು ಹೇಳಿ, ನೆಲದ ಮೇಲಿದ್ದ ತುಂಡುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಸ್ಟೇಷನ್ನಿನವರೆಗೆ ಕೊಡೆ ಬಿಚ್ಚಲೂ ನೆನಪಾಗಲಿಲ್ಲ.

ಮನೆಗೆ ಬಂದವನೇ ಗುನ್ಯಾ ತೆಗೆದೆ. ಗುನ್ಯಾ ಎಂದರೆ ಮೂಲೆ ನೇರವಾಗಿದೆಯೇ ಎಂದು ನೋಡುವ ಉಕ್ಕಿನ ಮಟ್ಟ. ತುಂಡಿನ ಬದಿಗೆ ಹಿಡಿದು ಕಿಟಕಿಯ ಕಡೆ ಎತ್ತಿದಾಗ ಉಕ್ಕಿಗೂ ಮರಕ್ಕೂ ನಡುವೆ ಬೆಳಕು ಕಂಡಿತು. ಇನ್ನೊಂದು ತುಂಡು, ಅದರಲ್ಲೂ ಬೆಳಕು. ನಲವತ್ತಕ್ಕೆ ನಲವತ್ತರಲ್ಲೂ, ಅದೂ ಪ್ರತಿಯೊಂದರಲ್ಲಿ ಒಂದೇ ಸಮ. ಪ್ರತಿ ತುಂಡೂ ಬುಡದಲ್ಲಿ ತುಸು ದಪ್ಪ, ತುದಿಯಲ್ಲಿ ತುಸು ಸಪೂರ.

ಆಗ ತಿಳಿಯಿತು. ಎರಕದ ಮಾದರಿಗೆ ಬದಿಗಳನ್ನು ಎಂದೂ ನೆಟ್ಟಗೆ ಬಿಡಬಾರದು. ಬಿಟ್ಟರೆ ಮಾದರಿ ಮೇಲಕ್ಕೆತ್ತುವಾಗ ಮರಳನ್ನು ಕಿತ್ತು ತರುತ್ತದೆ. ಅದಕ್ಕಾಗಿ ಎಲ್ಲ ಬದಿಗಳಿಗೂ ಕಣ್ಣಿಗೆ ಕಾಣದಷ್ಟು ಓರೆ ಕೊಡುತ್ತೇವೆ. ಮೂವತ್ತೊಂದು ವರ್ಷ ಹಾಗೆ ಕೊಟ್ಟ ಕೈ, ಯಾರೂ ಕೇಳದಿದ್ದರೂ, ಮಗುವಿನ ಆಟದ ತುಂಡಿಗೂ ಅದನ್ನೇ ಕೊಟ್ಟಿತ್ತು. ನಿಲ್ಲಿಸಿದರೆ ಅದು ತೋರುವುದಿಲ್ಲ, ಮಲಗಿಸಿದರೆ ತೋರುತ್ತದೆ. ನಾನು ನಿಲ್ಲಿಸಿ ಮಾತ್ರ ನೋಡಿದ್ದೆ, ಏಕೆಂದರೆ ಮಾದರಿಗಳನ್ನು ನೋಡುವುದೇ ಹಾಗೆ. ನೆರೂಳದ ಆ ಮೇಜು ವಾಲಿರಲಿಲ್ಲ. ನನ್ನ ಕಸುಬಿಗೆ ಅತಿ ದೊಡ್ಡ ಅವಮಾನವನ್ನು ಮಾಡಿದವನು ನಾನೇ. ಉಳಿದವರ ಲೆಕ್ಕ ಇಟ್ಟಿರುವವನು ಇದನ್ನು ಬರೆಯದೆ ಬಿಟ್ಟರೆ ಅದು ಕಳ್ಳತನವಾಗುತ್ತದೆ.

ಎರಡು ದಿನ ನಾನು ಗ್ಯಾಲರಿಗೆ ಕಾಲಿಡಲಿಲ್ಲ. ಚೌತಿಗೆ ಆರು ವಾರ ಉಳಿದಿತ್ತು. ನನ್ನ ಹೆಂಡತಿಯ ತಮ್ಮ, ಹೇಗೂ ಭಾವ ಬರುವವರಿದ್ದಾರೆ ಎಂದು, ಗಲ್ಲದಲ್ಲಿ ಕೂರುತ್ತಿದ್ದ ಮುದುಕರೊಬ್ಬರನ್ನು ಊರಿಗೆ ಕಳಿಸುವ ಮಾತಾಡುತ್ತಿದ್ದಾನೆಂಬ ಸುದ್ದಿಯೂ ಆಗಲೇ ಬಂತು. ಅವನು ಅದನ್ನು ನನ್ನಲ್ಲಿ ಹೇಳದೆ ಬೇರೆ ಬೇರೆ ಮೂವರಲ್ಲಿ ಹೇಳಿದ್ದ.

ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ನನ್ನನ್ನು ಕರೆದಳು. ಮಳೆಯಲ್ಲಿ ನೆನೆದ ಚೀಲವನ್ನು ನಾನು ಹಾಗೆಯೇ ಮೂಲೆಗೆ ಎಸೆದಿದ್ದೆ. ಅವಳು ತುಂಡುಗಳನ್ನು ಹೊರಗೆ ತೆಗೆದು, ಒರೆಸಿ, ಫ್ಯಾನಿನ ಕೆಳಗೆ ನೆಲದಲ್ಲಿ ಒಂದಕ್ಕೊಂದು ತಾಗಿಸಿ ಒಣಗಲು ಇಟ್ಟಿದ್ದಳು. ಅಚ್ಚುಕಟ್ಟಿನ ಹೆಂಗಸು, ಸಪೂರ ತುದಿಗಳನ್ನೆಲ್ಲ ಒಂದೇ ಕಡೆಗೆ ಮಾಡಿದ್ದಳು.

"ಇಲ್ಲಿ ಒಮ್ಮೆ ಬನ್ನಿ. ನಾನು ಸೀದಾ ಇಟ್ಟುಕೊಂಡು ಬಂದದ್ದು. ಅದೇ ತಿರುಗಿಕೊಂಡು ಹೋಗ್ತಾ ಉಂಟು."

ಗೋಡೆಯ ಉದ್ದಕ್ಕೆ ಹೊರಟ ಸಾಲು ಬಾಗುತ್ತ ಬಾಗುತ್ತ ಅಡುಗೆಮನೆಯ ಬಾಗಿಲ ಕಡೆಗೆ ಹೊರಳಿತ್ತು.

"ಸೊಟ್ಟ ಮಾಡಿದವನು ನಾನೇ. ಗೊತ್ತುಂಟು" ಎಂದೆ.

"ಬೈಯಲಿಕ್ಕೆ ಕರೆದದ್ದಲ್ಲ ನಾನು. ಚಂದ ಉಂಟು, ನೋಡಿ."

ನೋಡಿದೆ. ಬಹಳ ಹೊತ್ತು ನೋಡಿದೆ. ನೆಲದಲ್ಲಿ ಮಲಗಿದ್ದ ಆ ಬಾಗುವಿಕೆಯನ್ನು ಎತ್ತಿ ನಿಲ್ಲಿಸಿದರೆ ಅದು ಕಮಾನು. ಕೈತಪ್ಪಿ ಬಂದ ಓರೆಯನ್ನು ಬೇಕೆಂದೇ ಹೆಚ್ಚು ಮಾಡಿದರೆ, ನಲವತ್ತು ತುಂಡು ಬೇಡ, ಒಂಬತ್ತು ಸಾಕು. ಅರ್ಧ ವೃತ್ತವನ್ನು ಒಂಬತ್ತು ಪಾಲು ಮಾಡಿದರೆ ಒಂದೊಂದಕ್ಕೆ ಇಪ್ಪತ್ತು ಡಿಗ್ರಿ, ಎರಡು ಬದಿಗೆ ಹತ್ತು ಹತ್ತು. ಓರೆ ಕೊಡುವ ಕೆಲಸದಲ್ಲಿ ಈ ಊರುಗಳಲ್ಲಿ ನನ್ನನ್ನು ಮೀರಿಸುವ ಕೈ ಇದ್ದಿದ್ದರೆ ಅದು ಯಾರದೆಂದು ನನಗೆ ತಿಳಿದಿರುತ್ತಿತ್ತು. ಮೂರು ಗಂಟೆ ಐವತ್ತೈದು ನಿಮಿಷವಾಗಿತ್ತು. ಐದು ನಿಮಿಷ ಕಾದು, ಸೊಸೈಟಿಯ ನಾಲ್ಕು ಗಂಟೆಗೆ ಸರಿಯಾಗಿ ಗರಗಸ ಹಿಡಿದೆ.

ಮೊದಲ ಕಮಾನು ಕಾಲು ಜಾರಿ ಬಿತ್ತು. ಎರಡನೆಯದೂ ಬಿತ್ತು. ತುಂಡುಗಳ ಭಾರ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ ಎಂದು ಗಮನಿಸಿ, ಅಡಿಯ ಹಲಗೆಯ ಎರಡು ತುದಿಗಳಲ್ಲಿ ತಡೆಯ ಪಟ್ಟಿ ಕೂರಿಸಿದೆ. ಕಟ್ಟುವಾಗ ಒಳಗೆ ಆಧಾರವಾಗಿರಲು ಅರ್ಧ ಚಕ್ರದ ಹಲಗೆಯೊಂದು. ಒಂಬತ್ತನೆಯ ತುಂಡನ್ನು ನೆತ್ತಿಯಲ್ಲಿ ಇಳಿಸಿದ ಮೇಲೆ ಅದನ್ನು ಎಳೆದು ತೆಗೆಯಬೇಕು. ಅಂಟಿಲ್ಲ, ಮೊಳೆಯಿಲ್ಲ. ಎಳೆದು ತೆಗೆದೆ. ನಿಂತಿತು. ಹೆಂಡತಿ ನೆತ್ತಿಯ ಮೇಲೆ ಇಡ್ಲಿಯ ಪಾತ್ರೆಯನ್ನಿಟ್ಟಳು. ಆಗಲೂ ನಿಂತಿತು.

ಇದು ಮಕ್ಕಳಿಗೆ ಏನಾಗಿ ಕಾಣುತ್ತದೆ ಎಂಬುದನ್ನು ನಾನು ಯೋಚಿಸಬೇಕಾಗಿರಲಿಲ್ಲ. ಡೊಂಬಿವಿಲಿಯಿಂದ ಠಾಣೆಗೆ ಫಾಸ್ಟ್ ಗಾಡಿ ಪಾರಸಿಕ್ ಗುಡ್ಡದ ಸುರಂಗದೊಳಗೆ ನುಗ್ಗುವಾಗ, ಇಡೀ ಡಬ್ಬಿಯಲ್ಲಿ ಹಿಗ್ಗುವವರು ಮಕ್ಕಳು ಮಾತ್ರ. ಸಾವಿರಾರು ಸಲ ಕಂಡಿದ್ದೇನೆ. ನಾಲ್ಕು ಕಮಾನುಗಳನ್ನು ಸಾಲಾಗಿ ನಿಲ್ಲಿಸಿದರೆ ಸುರಂಗ. ಅದರೊಳಗೆ ಹೋಗಲು ಮೂರು ಡಬ್ಬಿಗಳ ಒಂದು ಮರದ ಲೋಕಲ್ ಗಾಡಿ ಮಾಡಿದೆ. ಪ್ರತಿ ತುಂಡಿಗೂ ಈಗ ಗುನ್ಯಾ ಹಿಡಿದೆ, ಕೋನ ನೋಡುವ ಮಟ್ಟ ಹಿಡಿದೆ, ನಿಲ್ಲಿಸಿ ನೋಡಿದೆ, ಮಲಗಿಸಿ ನೋಡಿದೆ.

ಚೌತಿಗೆ ಎಂಟು ದಿನವಿರುವಾಗ, ಬರುತ್ತೇನೆಂದು ಮೊದಲೇ ತಿಳಿಸಿ, ಮತ್ತೆ ನೆರೂಳಕ್ಕೆ ಹೋದೆ. ಹೋಗಬಾರದೆಂದು ನನ್ನ ಅಭಿಮಾನ ಹೇಳಿತು. ಆದರೆ ನನ್ನ ಕೆಲಸವನ್ನು ತಪ್ಪೆಂದ ಕೋಣೆಯಲ್ಲೇ ಅದು ಸರಿಯೆನಿಸಿಕೊಳ್ಳಬೇಕಿತ್ತು. ಬೇರೆ ಕಡೆಯ ಹೊಗಳಿಕೆ ನನಗೆ ಉಪಯೋಗವಿರಲಿಲ್ಲ. ಹನ್ನೆರಡು ಗಂಟೆ. ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಹಜಾರದಲ್ಲಿ ಸೇರಿದ್ದರು. ಮುಖ್ಯಸ್ಥೆ, ಒಳಗೆ ಬನ್ನಿ ಅಂಕಲ್, ಎಂದರು. ಇಲ್ಲೇ ಆಗಲಿ ಎಂದು ನಾನು ಎಲ್ಲರೆದುರು ನೆಲದ ಮೇಲೆ ಕುಳಿತು ಕಟ್ಟತೊಡಗಿದೆ.

ನಾಲ್ಕು ಕಮಾನುಗಳು ನಿಂತವು. ಒಳಗಿನ ಆಧಾರಗಳನ್ನು ಒಂದೊಂದಾಗಿ ಎಳೆದು ತೆಗೆದೆ. ಕೊನೆಯದನ್ನು ತೆಗೆಯುವ ಹೊತ್ತಿಗೆ ತಾಯಂದಿರು ಸುತ್ತ ಬಂದು ನಿಂತಿದ್ದರು. ಮೂರೂವರೆ ವರ್ಷದ ಹುಡುಗಿಯೊಬ್ಬಳು ಅಮ್ಮನ ಕೈ ಬಿಡಿಸಿಕೊಂಡು ಬಂದು, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿ, ಒಂದು ಕಡೆಯಿಂದ ಒಳಗೆ ಇಣುಕಿದಳು.

"ಆಯೀ, ಬೋಗದಾ" ಎಂದು ಅಮ್ಮನಿಗೆ ಕೂಗಿ ಹೇಳಿದಳು. ಮರಾಠಿಯಲ್ಲಿ ಬೋಗದಾ ಎಂದರೆ ಸುರಂಗ. ಆಮೇಲೆ ಗಾಡಿಯನ್ನು ನಾನು ಕೊಡಬೇಕಾಗಲಿಲ್ಲ, ಅವಳೇ ತೆಗೆದುಕೊಂಡಳು.

ಮುಖ್ಯಸ್ಥೆ ಪಕ್ಕಕ್ಕೆ ಬಂದು ಕುಕ್ಕುರು ಕುಳಿತರು. "ಅಂಕಲ್, ಇದು ಮಕ್ಕಳ ಮೈಮೇಲೆ ಬೀಳಲ್ವಾ?"

"ಮೇಲಿನಿಂದ ಒತ್ತಿ ನೋಡಿ."

ಅವರು ಒಂದು ಬೆರಳಿನಿಂದ ಒತ್ತಿದರು, ಆಮೇಲೆ ಅಂಗೈಯಿಂದ, ಆಮೇಲೆ ಎರಡು ಅಂಗೈಗಳಿಂದ. ತುಂಡುಗಳು ಇನ್ನಷ್ಟು ಬಿಗಿಯಾಗಿ ಕುಳಿತವು. ನಾನು ಜೇಬಿನಿಂದ ಗುನ್ಯಾ ತೆಗೆದು ಅವರ ಕೈಗೆ ಕೊಟ್ಟೆ.

"ಹೋದ ಸಲ ಅಳತೆ ಸರಿ ಇಲ್ಲ ಎಂದಿರಿ. ನೀವು ಹೇಳಿದ್ದು ನಿಜ. ನಾನು ನಿಮ್ಮ ಮೇಜನ್ನು ದೂರಿದ್ದು ತಪ್ಪು. ಇವತ್ತು ನೀವೇ ಅಳೆಯಿರಿ. ಅಡಿಹಲಗೆಯಲ್ಲಿ, ಗಾಡಿಯಲ್ಲಿ, ಎಲ್ಲಿ ಬೇಕಾದರೂ."

ಅವರು ನಿಜಕ್ಕೂ ಅಳೆದರು. ಆ ಒಂದು ಕಾರಣಕ್ಕೆ ನಾನು ಅವರನ್ನು ಅಂದಿನಿಂದ ಗೌರವಿಸುತ್ತೇನೆ. ಉಪಚಾರಕ್ಕೆ ಬೇಡ ಬೇಡ ಎನ್ನದೆ, ಮೂಲೆ ಮೂಲೆಗೆ ಮಟ್ಟ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. ಬಳಿಕ, ಇದಕ್ಕೆ ಕೆಂಪು, ಹಸಿರು ಹೊಡೆದರೆ ಚೆನ್ನಾಗಿರಲ್ವಾ ಎಂದು ಕೇಳಿದರು. ಬಣ್ಣ ಹೊಡೆದರೆ ನನ್ನ ಕಡೆಯಿಂದ ಇಲ್ಲ ಎಂದೆ. ಗಾಡಿ ಹಿಡಿದ ಹುಡುಗಿಯ ಕಡೆ ಕೈ ತೋರಿಸಿದೆ: ಮೊದಲ ಡಬ್ಬಿ ಆಗಲೇ ಅವಳ ಬಾಯಿಯಲ್ಲಿತ್ತು. ಅವರು ನಕ್ಕರು, ನಾನೂ ನಕ್ಕೆ. ನೆರೂಳ, ವಾಶಿ, ಐರೋಲಿಯ ಮೂರು ಶಾಖೆಗಳಿಗೂ ಸೇರಿ ಅವರು ಅಂದೇ ಆರ್ಡರಿನ ಪತ್ರ ಬರೆದು ಸಹಿ ಹಾಕಿದರು. ಐವರು ತಾಯಂದಿರು ಮನೆಗೂ ಬೇಕೆಂದು ನನ್ನ ವಿಳಾಸ ಬರೆದುಕೊಂಡರು. ಮೂವರು ಆಯಾಗಳೂ ಅಲ್ಲೇ ಇದ್ದರು. ಅದು ನನಗೆ ಮುಖ್ಯವಾಗಿತ್ತು.

ಚೌತಿಯ ಎರಡು ದಿನ ಮೊದಲು, ಹೋಟೆಲಿನಲ್ಲಿ ಜನ ಕಡಿಮೆಯಿರುವ ಮಧ್ಯಾಹ್ನದ ನಾಲ್ಕು ಗಂಟೆಗೆ, ನಾನು ನನ್ನ ಹೆಂಡತಿಯ ತಮ್ಮನ ಗಲ್ಲದೆದುರು ನಿಂತೆ. ಅಂದು ಅವನೇ ಅಲ್ಲಿ ಕೂತಿದ್ದ. ಆ ಮುದುಕರನ್ನು ಊರಿಗೆ ಕಳಿಸಿ ಆಗಿತ್ತು.

"ಬನ್ನಿ ಭಾವ, ಬನ್ನಿ. ನಾಡಿದ್ದು ಚೌತಿ. ಪುಣ್ಯಕ್ಕೆ ಒಳ್ಳೆಯ ದಿನವೇ ಸಿಕ್ಕಿತು."

ನಾನು ಪತ್ರವನ್ನು ಅವನ ಮುಂದಿಟ್ಟೆ. ಅವನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ.

"ಇದು ಎಷ್ಟು ದಿವಸ ನಡೆಯುವ ವ್ಯಾಪಾರ ಭಾವ? ಒಂದು ಶಾಲೆ, ಮೂರು ಬ್ರಾಂಚು. ಆಮೇಲೆ?"

"ಚೌತಿಯೊಳಗೆ ಒಂದು ಆರ್ಡರ್ ಎಂದದ್ದು ನೀನು. ಆಮೇಲೆ ಎಂಬುದು ಮಾತಿನಲ್ಲಿ ಇರಲಿಲ್ಲ."

"ನಾನು ತಮಾಷೆಗೆ ಹೇಳಿದ್ದು ಮಾರಾಯ್ರೇ."

"ನಾನು ತಮಾಷೆಗೆ ಒಪ್ಪಿರಲಿಲ್ಲ."

ಅವನು ಪತ್ರವನ್ನು ಮಡಿಚಿ ಎರಡೂ ಕೈಗಳಿಂದ ಹಿಂದಕ್ಕೆ ಕೊಟ್ಟ. ಈಗ ಗಲ್ಲದಲ್ಲಿ ನಾನು ಯಾರನ್ನು ಕೂರಿಸಲಿ ಎಂದು ಕೇಳಿದಾಗ ಅವನ ದನಿಯಲ್ಲಿ ನಿಜವಾದ ಚಿಂತೆಯಿತ್ತು. ಊರಿಗೆ ಕಳಿಸಿದವರಿಗೆ ಇವತ್ತೇ ಫೋನ್ ಮಾಡು, ಅವರು ಒಳ್ಳೆಯವರು ಎಂದೆ. ಅವನು ಮಾಡಿದ, ಅವರು ಬಂದರು. ನಾನು ಅಲ್ಲೇ ಕುಳಿತು ಒಂದು ಮಸಾಲೆ ದೋಸೆ ತಿಂದು ಹೊರಟೆ.

ಆರ್ಡರ್ ಹೊತ್ತಿಗೆ ಸರಿಯಾಗಿ ತಲುಪಿತು. ಆಮೇಲೆ ಎಂಬ ಅವನ ಪ್ರಶ್ನೆಗೆ ಉತ್ತರವೂ ಬಂತು, ಆದರೆ ನಿಧಾನವಾಗಿ. ಒಂದು ಶಾಲೆಯಿಂದ ಇನ್ನೊಂದಕ್ಕೆ, ಒಬ್ಬ ತಾಯಿಯಿಂದ ಇನ್ನೊಬ್ಬರಿಗೆ. ಕೆಲಸ ಗ್ಯಾಲರಿಯಿಂದ ಚಾಳಿನ ಒಂದು ಕೋಣೆಗೆ ಹೋಯಿತು. ಕೋಪರಿಯ ಆ ಕಲಬುರಗಿಯ ಗೃಹಸ್ಥ ಕೆಡವುವ ಕೆಲಸ ಬಿಟ್ಟು ನನ್ನ ಜೊತೆ ಸೇರಿದ. ಮರ ಆರಿಸುವುದರಲ್ಲಿ ಅವನ ಮಾತೇ ಕೊನೆಯದು. ಇಸವಿ ಎರಡು ಸಾವಿರದ ಹತ್ತು ದಾಟಿದ ಮೇಲೆ ಡೊಂಬಿವಿಲಿಯ ಕಾರ್ಖಾನೆಗಳ ವಸಾಹತುವಿನಲ್ಲಿ ಒಂದು ಗಾಳಾ ತೆಗೆದುಕೊಂಡೆ. ಇಲ್ಲಿ ಸಣ್ಣ ಕಾರ್ಖಾನೆಯ ಜಾಗವನ್ನು ಹಾಗೆನ್ನುತ್ತಾರೆ. ಹನ್ನೊಂದು ಜನ ಕೈ ಕೆಲಸದವರು. ಅವರಲ್ಲಿ ಇಬ್ಬರು ನನ್ನ ಹಾಗೆಯೇ ಆರಾಮ ಮಾಡಲು ಹೇಳಿಸಿಕೊಂಡ ಹಳೆಯ ಪ್ಯಾಟರ್ನಿನವರು. ಇಂದಿನವರೆಗೆ ನಮ್ಮ ಆಟಿಕೆಗಾಗಿ ಒಂದು ಹಸಿ ಮರವೂ ಬಿದ್ದಿಲ್ಲ.

ಗಾಳಾದ ಪೂಜೆಯ ದಿನ ನನ್ನ ಹೆಂಡತಿಯ ತಮ್ಮ ಎಲ್ಲರಿಗಿಂತ ಮೊದಲು ಬಂದ. ಉಪಾಹಾರ ಅವನದೇ ಹೋಟೆಲಿನಿಂದ; ಬೇಡವೆಂದರೂ ಕೇಳಲಿಲ್ಲ. ಹತ್ತಿಪ್ಪತ್ತು ಜನ ನೆಂಟರು ಸೇರಿದ್ದಾಗ ಅವನು ಕೈಯಲ್ಲಿ ಶೀರಾದ ತಟ್ಟೆ ಹಿಡಿದು ಹೇಳತೊಡಗಿದ. "ಅವತ್ತೇ ನಾನು ಹೇಳಿದ್ದೆ. ಭಾವ, ನೀವು ಯಾರ ಕೈಕೆಳಗೂ ಕೆಲಸಕ್ಕೆ ಹೋಗಬೇಡಿ, ನಿಮ್ಮ ಕೈಯಲ್ಲಿ ವಿದ್ಯೆ ಉಂಟು, ಸ್ವಂತದ್ದೇ ಏನಾದರೂ ಮಾಡಿ ಅಂತ."

ಹೆಂಡತಿ ನನ್ನ ಕಡೆ ನೋಡಿದಳು. ಬೇಡ ಎಂದು ಆ ನೋಟಕ್ಕೆ ಅರ್ಥ. ಆದರೆ ನಾನು ಎದ್ದು ನಿಂತಿದ್ದೆ. ಅವನು ಏನು ಹೇಳಿದ, ಹೋಳಿ ಕಳೆದು ಎಷ್ಟನೆಯ ದಿನ ಹೇಳಿದ, ಯಾವ ಕಡೆಯ ಕುರ್ಚಿಯಲ್ಲಿ ಕುಳಿತು ಹೇಳಿದ, ಎಲ್ಲವನ್ನೂ ಕ್ರಮವಾಗಿ ನೆಂಟರ ಮುಂದಿಟ್ಟೆ. ಯಾರಿಗೂ ಬೇಸರವಾಗದ ಹಾಗೆ ಹೇಳಿದೆನೆಂದು ನನ್ನ ಭಾವನೆ. ಬೇಸರವಾಯಿತು ಎಂದು ಹೆಂಡತಿಯ ಭಾವನೆ.

ನನ್ನ ಹೆಂಡತಿಯ ತಮ್ಮ ಮಾತ್ರ ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೌದು ಮಾರಾಯ್ರೇ, ಹಾಗೆಯೇ ಹೇಳಿದ್ದು ನಾನು. ಈ ಮನುಷ್ಯನ ಎದುರು ಸುಳ್ಳು ಹೇಳಲಿಕ್ಕೂ ಇಲ್ಲ" ಎಂದು ನೆಂಟರಿಗೆ ಹೇಳಿ, ನನ್ನ ಹತ್ತಿರ ಬಂದ. ಅವನ ಮೊಮ್ಮಗಳಿಗೆ ಒಂದು ಸುರಂಗ, ಒಂದು ಗಾಡಿ ಬೇಕಿತ್ತು. ಕಪಾಟಿನಲ್ಲಿರುವುದನ್ನೇ ಒಯ್ಯಲೇ ಎಂದು ಕೇಳಿದ. ಕಪಾಟಿನಲ್ಲಿರುವುದು ಕಲ್ಯಾಣದ ಒಬ್ಬರಿಗೆ ಮಾತು ಕೊಟ್ಟದ್ದು, ನಿನ್ನದಕ್ಕೆ ಮೂರು ವಾರವಾಗುತ್ತದೆ ಎಂದು ಸರದಿಯಲ್ಲಿ ಅವನ ಹೆಸರು ಬರೆದುಕೊಂಡೆ. ಅದರ ಮೂವತ್ತಾರು ತುಂಡುಗಳನ್ನೂ ನಾನೇ ನನ್ನ ಕೈಯಿಂದ ಕತ್ತರಿಸಿ, ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವನ ಮನೆಯ ಬಾಗಿಲಿಗೆ ಮುಟ್ಟಿಸಿದೆ.